ಕೈಗೆ ಸಿಕ್ಕಿದ ದಶಕ

ಸಂಡೂರು ತಾಲ್ಲೂಕಿನ ದೋಣಿಮಲೈ, 1977ರಲ್ಲಿ ಗಣಿ ಆರಂಭವಾದಂದಿನಿಂದ ಕಬ್ಬಿಣದ ಅದಿರನ್ನು ಟನ್ನುಗಳಲ್ಲಿ ಎಣಿಸುವ ಊರು. ಆದರೆ ಗಣಿಯ ನೆರಳಿನಲ್ಲಿ ಬೆಳೆಯುವ ಬಾಲಕನಿಗೂ 42ರಿಂದ 17ನ್ನು ಕಳೆಯುವುದೇ ಬೆಟ್ಟವಾಗಬಹುದು. ಎರಡರಲ್ಲಿ ಏಳು ಹೋಗದು. ಪಕ್ಕದಿಂದ ಒಂದು ದಶಕ ತರಬೇಕೆಂದು ಉಪಾಧ್ಯಾಯರು ಹೇಳುತ್ತಾರೆ. ಆ ದಶಕವೆಂಬುದು ಎಲ್ಲಿದೆಯೋ, ಎಂತಿದೆಯೋ, ಮಗುವಿನ ಕಣ್ಣಿಗೆ ಕಾಣದು.

ಕಾಣದ ಆ ದಶಕವನ್ನು ಕೈಗೆ ಕೊಡಲು ಹೊರಟಿತು, 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಕ್ಷರ ಫೌಂಡೇಶನ್. ಲಾಭದ ಆಸೆಯಿಲ್ಲದ ಈ ಸಂಸ್ಥೆಯ 'ಗಣಿತ ಕಲಿಕಾ ಆಂದೋಲನ'ವು ಸರ್ಕಾರದ ಸಹಯೋಗದಿಂದ, ಬಳ್ಳಾರಿ ಸೇರಿದಂತೆ ಇಂದು ಕಲ್ಯಾಣ ಕರ್ನಾಟಕವೆನಿಸಿರುವ ಸೀಮೆಯ ಸರ್ಕಾರಿ ಶಾಲೆಗಳನ್ನು ಮುಟ್ಟಿತು. ಅದರ ಪೆಟ್ಟಿಗೆಯಲ್ಲಿ ಮಣಿಚೌಕಟ್ಟು, ದಾಳ, ಗಡಿಯಾರ, ಭಿನ್ನರಾಶಿಯ ತುಂಡುಗಳು, ಹತ್ತರ ಕಡ್ಡಿಗಳು, ಬಿಡಿ ಘನಗಳು. ಮಗು ನಾಲ್ಕು ಕಡ್ಡಿಗಳಲ್ಲೊಂದನ್ನು ಕೊಟ್ಟು ಹತ್ತು ಬಿಡಿಗಳನ್ನು ಪಡೆಯುತ್ತದೆ. ಹನ್ನೆರಡು ಬಿಡಿಗಳಲ್ಲಿ ಏಳು ಹೋದರೆ ಐದು. ಮೂರು ಕಡ್ಡಿಗಳಲ್ಲಿ ಒಂದು ಹೋದರೆ ಎರಡು. ಇಪ್ಪತ್ತೈದು! ದಶಕವು ಬೆರಳಿಗೇ ಸಿಕ್ಕಿತು.

ಬಳಿಕ ಇಂಥ ಆಟಗಳೇ 'ಬಿಲ್ಡಿಂಗ್ ಬ್ಲಾಕ್ಸ್' ಎಂಬ ಹೆಸರಿನಿಂದ ಮೊಬೈಲನ್ನೂ ಹೊಕ್ಕವು. ಕನ್ನಡದಲ್ಲಿಯೇ ಆಡಬಹುದು, ಶುಲ್ಕವಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟಿನ ಹಂಗೂ ಇಲ್ಲ.

ಈ ಉದ್ಯಮದ ತೊಡಕು ಇಷ್ಟೆ: ಆಟ ಯಾರಿಗೆ ಹೆಚ್ಚು ಅಗತ್ಯವೋ ಅವರಲ್ಲಿಯೇ ಕೊಳ್ಳುವ ಕಾಸಿಲ್ಲ. ಆದುದರಿಂದಲೇ ದಾನಿಗಳೂ ಸರ್ಕಾರವೂ ಹೆಗಲು ಕೊಡಬೇಕಾಗುತ್ತದೆ. ಅಷ್ಟಾದರೂ ಕೊನೆಯ ಕೆಲಸ ಉಪಾಧ್ಯಾಯರದೇ. ಕಳೆದುಹೋದೀತೆಂಬ ಭಯದಿಂದ ಬೀರುವಿನೊಳಗೆ ಜೋಪಾನವಾಗಿಟ್ಟ ಪೆಟ್ಟಿಗೆ ಯಾವ ಮಗುವಿಗೂ ಲೆಕ್ಕ ಕಲಿಸದು. ಎಳೆಯ ಕೈಗಳಲ್ಲಿ ಸವೆದ ಕಡ್ಡಿಯೇ ಸಾರ್ಥಕವಾದ ಕಡ್ಡಿ.