ಕಾಕ್‌ಪಿಟ್‌ನ ನಿದ್ದೆಯ ಲೆಕ್ಕ

ಪೈಲಟ್ ಒಬ್ಬರು ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರಾಟ ನಡೆಸುವಂತಿಲ್ಲ. ಈ ನಿಯಮ ಕಿವಿಗೆ ಬಿದ್ದವರು ಮೊದಲು ಮಾಡುವ ಕೆಲಸ ಭಾಗಾಕಾರ. ದಿನಕ್ಕೆ ಮೂರು ಗಂಟೆಯೂ ಆಗಲಿಲ್ಲ! ಲಕ್ಷಗಟ್ಟಲೆ ಸಂಬಳ, ಅರ್ಧ ದಿನದ ಕೆಲಸವೂ ಇಲ್ಲ ಎಂಬ ತೀರ್ಮಾನ ಅಲ್ಲಿಗೇ ಸಿದ್ಧ.

ಲೆಕ್ಕ ತಪ್ಪುವುದು ಹಾರಾಟದ ಸಮಯವನ್ನೂ ಡ್ಯೂಟಿಯ ಸಮಯವನ್ನೂ ಒಂದೇ ಎಂದುಕೊಂಡಾಗ. ವಿಮಾನ ಟೇಕಾಫ್‌ಗೆಂದು ನಿಂತ ಜಾಗದಿಂದ ಅಲುಗಿದ ಕ್ಷಣದಿಂದ ಮತ್ತೆ ಬಂದು ನಿಲ್ಲುವವರೆಗಿನದು ಮಾತ್ರ ಹಾರಾಟದ ಸಮಯ. ಬೆಂಗಳೂರಿನಿಂದ ಬೆಳಗಿನ 6ಕ್ಕೆ ಹುಬ್ಬಳ್ಳಿಗೆ ಹೊರಡಬೇಕಾದ ಪೈಲಟ್ 5ರ ಹೊತ್ತಿಗೆ ವರದಿ ಮಾಡಿಕೊಳ್ಳಬೇಕಾದರೆ ಮನೆಯಲ್ಲಿ ಏಳುವುದು 3ಕ್ಕೆ. ಹವಾಮಾನ ನೋಡಬೇಕು, ಎಷ್ಟು ಇಂಧನ ಬೇಕೆಂದು ತೀರ್ಮಾನಿಸಬೇಕು, ವಿಮಾನವನ್ನು ಸುತ್ತಿ ಪರೀಕ್ಷಿಸಬೇಕು. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಜನ ಇಳಿದು ಹತ್ತುವ ಹೊತ್ತೂ ಡ್ಯೂಟಿಯೇ. ಹೋಗಿ ಬರುವ ಎರಡು ಹಾರಾಟ ಮುಗಿಯುವಷ್ಟರಲ್ಲಿ ಲಾಗ್‌ಬುಕ್‌ಗೆ ಸೇರುವುದು ಎರಡು–ಎರಡೂವರೆ ಗಂಟೆ. ಅವರು ಎದ್ದು ಆರು ಗಂಟೆ ಆಗುತ್ತ ಬಂದಿರುತ್ತದೆ. ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಹಾರಾಟಕ್ಕೆ ಒಂದು ಮಿತಿ, ಡ್ಯೂಟಿಗೆ ಇನ್ನೊಂದು ಮಿತಿ, ವಿಶ್ರಾಂತಿಗೆ ಮತ್ತೊಂದು ಲೆಕ್ಕ ಇಟ್ಟಿರುವುದು ಇದಕ್ಕೇ.

ಎರಡನೆಯ ನಂಬಿಕೆ ಬಸ್ಸಿನಿಂದ ಬಂದದ್ದು. ರಾತ್ರಿ ಬಸ್ಸಿನಲ್ಲಿ ಇಬ್ಬರು ಡ್ರೈವರ್‌ಗಳು. ಒಬ್ಬರು ಓಡಿಸುವಾಗ ಇನ್ನೊಬ್ಬರು ಮಲಗುತ್ತಾರೆ. ವಿಮಾನದಲ್ಲೂ ಹಾಗೇ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಕಾಕ್‌ಪಿಟ್‌ನಲ್ಲಿ ಇಬ್ಬರೂ ಏಕಕಾಲಕ್ಕೆ ಕೆಲಸ ಮಾಡುತ್ತಾರೆ. ಒಬ್ಬರು ವಿಮಾನ ನಡೆಸಿದರೆ ಇನ್ನೊಬ್ಬರು ರೇಡಿಯೋ ಸಂಪರ್ಕ ನೋಡಿಕೊಂಡು, ಮೊದಲನೆಯವರ ಪ್ರತಿ ಹೆಜ್ಜೆಯನ್ನೂ ಗಮನಿಸುತ್ತಾ, ತಪ್ಪಿದರೆ ಎಚ್ಚರಿಸಬೇಕು. ಈ ಇಬ್ಬರಲ್ಲಿ ಒಬ್ಬರು ನಿದ್ದೆಗೆ ಜಾರಿದರೆ ಏನಾಗುತ್ತದೆ ಎಂಬುದನ್ನು ಕರಾವಳಿಯ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

2010ರ ಮೇ 22. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಬೆಳಗಿನ 6 ದಾಟುತ್ತಿದ್ದಂತೆ ಮಂಗಳೂರು ಬಳಿಯ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಇಳಿಯಿತು. ಇಳಿಯಬೇಕಾದ ಎತ್ತರಕ್ಕಿಂತ ಮೇಲಿನಿಂದ ಬಂದ ವಿಮಾನ ನೆಲ ಮುಟ್ಟುವಷ್ಟರಲ್ಲಿ ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗ ಹಿಂದೆ ಸರಿದಿತ್ತು. ಸಹಪೈಲಟ್ ಒಂದಲ್ಲ, ಮೂರು ಸಲ ಮತ್ತೆ ಮೇಲೇರುವಂತೆ ಹೇಳಿದ್ದರು. ವಿಮಾನ ನಿಲ್ಲಲಿಲ್ಲ, ಕಮರಿಗೆ ಉರುಳಿತು. 166 ಜನರಲ್ಲಿ 158 ಮಂದಿ ಸತ್ತರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಮಾತಿಗಿಂತ ಮೊದಲು ಸಿಕ್ಕಿದ್ದು ಗೊರಕೆ. ಕಮಾಂಡರ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಮಲಗಿದ್ದರು. ಅಸ್ಥಿರವಾಗಿದ್ದ ಇಳಿಕೆಯನ್ನು ಕೈಬಿಡದೇ ಇದ್ದದ್ದು ನೇರ ಕಾರಣ, ಗಾಢ ನಿದ್ದೆಯಿಂದ ಎದ್ದವರ ಮಂಪರು ಅದಕ್ಕೆ ಪೂರಕವಾಗಿದ್ದಿರಬಹುದು ಎಂದು ತನಿಖಾ ಸಮಿತಿ ಹೇಳಿತು. ನಸುಕಿನ 2ರಿಂದ 6ರವರೆಗೆ ಮನುಷ್ಯನ ದೇಹ ಎಚ್ಚರವಾಗಿರಲು ತೀರಾ ಕಷ್ಟಪಡುವ ಹೊತ್ತು. ಆ ವಿಮಾನ ಹಾರಿ ಬಂದದ್ದು ಹೆಚ್ಚುಕಡಿಮೆ ಆ ಅವಧಿಯಲ್ಲೇ.

ಆದ್ದರಿಂದ ಎಷ್ಟು ಗಂಟೆ ಎಂಬುದರಷ್ಟೇ ಯಾವ ಗಂಟೆ ಎಂಬುದೂ ಮುಖ್ಯ. ಡಿಜಿಸಿಎ 2024ರ ಜನವರಿಯಲ್ಲಿ ತಿದ್ದಿದ ನಿಯಮಗಳಲ್ಲಿ ಇದು ಎದ್ದು ಕಾಣುತ್ತದೆ. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ 12ರಿಂದ 5 ಎಂದಿದ್ದದ್ದು 6ರವರೆಗೆ ಚಾಚಿತು. ಆ ಹೊತ್ತಿಗೆ ತಾಗುವ ಡ್ಯೂಟಿಯಲ್ಲಿ ಹಾರಾಟ 8 ಗಂಟೆ, ಒಟ್ಟು ಡ್ಯೂಟಿ 10 ಗಂಟೆ ಮೀರಬಾರದು. ಆರು ಸಲ ಇಳಿಯಬಹುದಿದ್ದಲ್ಲಿ ಎರಡೇ ಸಲ. ಅಮೆರಿಕದಲ್ಲಿಯೂ ನಿಯಮ ಬಿಗಿಯಾದದ್ದು ಸಾವಿನ ನಂತರವೇ: 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತರು, ಪೈಲಟ್‌ಗಳ ದಣಿವಿನ ಮಾತು ಮುನ್ನೆಲೆಗೆ ಬಂತು, 2014ರ ಜನವರಿಯಲ್ಲಿ ಹೊಸ ನಿಯಮ ಜಾರಿಯಾಯಿತು.

ದೊಡ್ಡ ವಿಮಾನಕ್ಕೆ ಹೆಚ್ಚು ಪೈಲಟ್‌ಗಳು ಬೇಕು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಒಂದು ಕಾಲದಲ್ಲಿ ನ್ಯಾವಿಗೇಟರ್, ರೇಡಿಯೋ ಆಪರೇಟರ್, ಫ್ಲೈಟ್ ಎಂಜಿನಿಯರ್ ಎಲ್ಲರೂ ಕಾಕ್‌ಪಿಟ್‌ನಲ್ಲಿ ಇರುತ್ತಿದ್ದರು. ಉಪಕರಣಗಳು ಒಬ್ಬೊಬ್ಬರನ್ನೇ ಕೆಳಗಿಳಿಸಿದವು. ಈಗ ಎರಡು ಅಂತಸ್ತಿನ ಏರ್‌ಬಸ್ ಎ380 ನಡೆಸುವುದಕ್ಕೂ ಇಬ್ಬರೇ ಸಾಕು. ಸಂಖ್ಯೆ ಹೆಚ್ಚುವುದು ದಾರಿ ಉದ್ದವಾದಾಗ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳೆಯರು ನಡೆಸಿದರು. ದಾರಿ ಉತ್ತರ ಧ್ರುವದ ಮೇಲಿಂದ, ಸಮಯ ಸುಮಾರು 17 ಗಂಟೆ. ಇಷ್ಟು ದೂರದ ಹಾರಾಟದಲ್ಲಿ ಇಬ್ಬರು ಕಾಕ್‌ಪಿಟ್‌ನಲ್ಲಿದ್ದರೆ ಉಳಿದಿಬ್ಬರಿಗೆ ವಿಶ್ರಾಂತಿ. ಬೋಯಿಂಗ್ 777ರ ಮುಂಭಾಗದಲ್ಲಿ, ಪ್ರಯಾಣಿಕರ ತಲೆಯ ಮೇಲಿನ ಚಾವಣಿಯಲ್ಲಿ, ಪೈಲಟ್‌ಗಳಿಗೆಂದೇ ಎರಡು ಹಾಸಿಗೆಯ ಪುಟ್ಟ ಗೂಡಿದೆ. ಕಡಿದಾದ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗಬೇಕು. ಆ ಹಾಸಿಗೆಯಲ್ಲಿ ಸಿಗುವ ನಿದ್ದೆಯೂ ನಿಯಮದ ಭಾಗವೇ.

ಆಟೋಪೈಲಟ್ ಇರುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆಗೆ ಎರಡು ಘಟನೆಗಳು ಸಾಕು. 2024ರ ಜನವರಿ 25ರಂದು ಇಂಡೋನೇಷ್ಯಾದ ಬಾತಿಕ್ ಏರ್ ವಿಮಾನದಲ್ಲಿ ಇಬ್ಬರು ಪೈಲಟ್‌ಗಳೂ ಸುಮಾರು 28 ನಿಮಿಷ ನಿದ್ದೆ ಹೋದರು. ಸಹಪೈಲಟ್‌ಗೆ ಮನೆಯಲ್ಲಿ ಒಂದು ತಿಂಗಳ ಅವಳಿ ಮಕ್ಕಳು. ಅವನ್ನು ನೋಡಿಕೊಳ್ಳುತ್ತ ರಾತ್ರಿ ನಿದ್ದೆಗೆಟ್ಟಿದ್ದರು. ಆಟೋಪೈಲಟ್ ವಿಮಾನವನ್ನು ಮುಂದಕ್ಕೆ ಒಯ್ಯುತ್ತಲೇ ಇತ್ತು. ಆದರೆ ದಾರಿ ತಪ್ಪಿದ್ದನ್ನು ಸರಿಪಡಿಸಲಿಲ್ಲ, ಕಂಟ್ರೋಲ್ ರೂಮಿನ ಕರೆಗೆ ಉತ್ತರಿಸಲೂ ಇಲ್ಲ. ಕ್ಯಾಪ್ಟನ್‌ಗೆ ಎಚ್ಚರವಾದದ್ದು ಪುಣ್ಯ. ಮರುತಿಂಗಳು ಫ್ರಾಂಕ್‌ಫರ್ಟ್‌ನಿಂದ ಸೆವಿಲ್‌ಗೆ ಹೊರಟ ಲುಫ್ತಾನ್ಸಾ ವಿಮಾನದಲ್ಲಿ ಕ್ಯಾಪ್ಟನ್ ಶೌಚಾಲಯಕ್ಕೆ ಹೋದಾಗ ಸಹಪೈಲಟ್ ಪ್ರಜ್ಞೆ ತಪ್ಪಿದರು. ಹತ್ತು ನಿಮಿಷ ವಿಮಾನಕ್ಕೆ ಪೈಲಟ್ ಇರಲಿಲ್ಲ. ಸಾಗುವ ಹಂತದಲ್ಲಿ ಒಬ್ಬರೇ ಪೈಲಟ್ ಸಾಕೆಂಬ ಪ್ರಸ್ತಾಪವನ್ನು ಪರಿಶೀಲಿಸಿದ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ, ಇಬ್ಬರಿದ್ದಾಗಿನ ಸುರಕ್ಷತೆಯನ್ನು ಅದು ಕೊಡುತ್ತದೆಂದು ಈಗ ಸಾಬೀತುಪಡಿಸಲಾಗದು ಎಂದು 2025ರಲ್ಲಿ ಹೇಳಿತು.

ಕೊನೆಯದು ಸಿಟ್ಟಿನಿಂದ ಹುಟ್ಟಿದ ನಂಬಿಕೆ: ಪೈಲಟ್‌ಗಳ ವಿಶ್ರಾಂತಿಯಿಂದಲೇ ವಿಮಾನಗಳು ರದ್ದಾಗುತ್ತವೆ ಎಂಬುದು. 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ನಿಂತಾಗ ಈ ಮಾತು ಹಲವರ ಬಾಯಲ್ಲಿತ್ತು. ನಿಯಮ ಪ್ರಕಟವಾಗಿ ಆಗಲೇ ಎರಡು ವರ್ಷ ಆಗುತ್ತ ಬಂದಿತ್ತು. ಯೋಜನೆಯಲ್ಲಿ ಎಡವಿದ್ದನ್ನು ಸಂಸ್ಥೆಯೇ ಒಪ್ಪಿತು. ಆದರೂ ಡಿಜಿಸಿಎ ರಾತ್ರಿ ಡ್ಯೂಟಿಯ ಕೆಲವು ನಿಯಮಗಳಿಂದ ಅದಕ್ಕೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಸಿದ್ಧತೆ ಮಾಡಿಕೊಳ್ಳದವರಿಗೆ ಪೈಲಟ್‌ಗಳ ನಿದ್ದೆಯನ್ನು ಕಡ ಕೊಟ್ಟಂತಾದ ಈ ತೀರ್ಮಾನ ಸರಿಯಲ್ಲ. ಅವಧಿ ಮುಗಿದ ಪೈಲಟ್ ಹಾರಲು ಒಪ್ಪದಿದ್ದರೆ ಪ್ರಯಾಣಿಕರು ಅವರ ಪರ ನಿಲ್ಲಬೇಕು, ಬದಲಿ ಪೈಲಟ್ ಯಾಕಿಲ್ಲ ಎಂದು ವಿಮಾನ ಸಂಸ್ಥೆಯನ್ನು ಕೇಳಬೇಕು. ವಿಮಾನ ರದ್ದಾದರೆ ಬದಲಿ ವಿಮಾನ ಇಲ್ಲವೇ ಹಣ ವಾಪಸ್ ಪಡೆಯುವ ಹಕ್ಕನ್ನು ಡಿಜಿಸಿಎ ನಿಯಮಗಳೇ ಪ್ರಯಾಣಿಕರಿಗೆ ಕೊಟ್ಟಿವೆ.