ಕಿಸೆ ಟಾರ್ಚ್ ಕೊಳ್ಳುವ ಮುನ್ನ

ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಸರಸಂಬಾ ಕಡೆಯ ರೈತರಿಗೆ ರಾತ್ರಿ ಹೊಲಕ್ಕೆ ಹೋಗುವುದು ತಪ್ಪಿದ್ದಲ್ಲ. ಪಂಪ್‌ಸೆಟ್‌ಗೆ ಥ್ರೀ ಫೇಸ್ ಕರೆಂಟ್ ಬರುವುದು ಪಾಳಿಯ ಮೇಲೆ. ಪಾಳಿ ರಾತ್ರಿಗೆ ಬಿತ್ತೆಂದರೆ ಎದ್ದು ಹೋಗಿ ಮೋಟಾರ್ ಚಾಲೂ ಮಾಡಬೇಕು, ನೀರು ತಿರುವಬೇಕು. ಭೀಮಾ ದಂಡೆಯ ಅಫಜಲಪುರ, ಜೇವರ್ಗಿಯ ಕಬ್ಬಿನ ಹೊಲಗಳಲ್ಲೂ ಇದೇ ಕತೆ. ಜೋಳ ತೆನೆ ಕಟ್ಟಿದಾಗ ಹಂದಿ ಕಾಯುವ ಕೆಲಸ ಬೇರೆ.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ: ನಮ್ಮ ದೇಶದಲ್ಲಿ ಹಾವು ಕಚ್ಚಿ ಸಾಯುವವರಲ್ಲಿ ಹೆಚ್ಚಿನವರು ಈ ನಾಲ್ಕರಿಂದಲೇ ಸಾಯುತ್ತಾರೆ. ಇವುಗಳಲ್ಲಿ ಕಟ್ಟುಹಾವು, ಕೊಳಕುಮಂಡಲ ಹೆಚ್ಚಾಗಿ ಓಡಾಡುವುದು ಕತ್ತಲಾದ ಮೇಲೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಆದೇಶಿಸಿತು. ಇಂಥ ಹಾವುಗಳಿರುವ ಹೊಲದಲ್ಲಿ ಟಾರ್ಚ್ ಎಂಬುದು ಚಪ್ಪಲಿಯಷ್ಟೇ ದಿನಬಳಕೆಯ ಸಾಮಾನು. ಕೊಳ್ಳುವಾಗ ಮಾತ್ರ ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟು ದೂರ ಬೀಳುತ್ತದೆ?

ದೂರದ ಬೆಳಕು, ಕಾಲ ಬಳಿಯ ಬೆಳಕು

ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಅದು ಒಂದೇ ದಿಕ್ಕಿಗೆ ಎಷ್ಟು ತೀಕ್ಷ್ಣವಾಗಿ ಹೋಗುತ್ತದೆಂಬುದರ ಅಳತೆ ಕ್ಯಾಂಡೆಲಾ. ಡಬ್ಬಿಯ ಮೇಲಿನ ‘ದೂರ’ ಹುಟ್ಟುವುದು ಈ ಎರಡನೆಯದರಿಂದ. ಟಾರ್ಚ್ ತಯಾರಕರು ಬಳಸುವ ಎಎನ್‌ಎಸ್‌ಐ ಎಫ್‌ಎಲ್‌1 ಅಳತೆಯ ಪ್ರಕಾರ, ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳಕಿಗೆ ಇಳಿಯುವ ಜಾಗವೇ ಅದರ ಕೊನೆ. 100 ಮೀಟರ್ ದೂರಕ್ಕೆ 2,500 ಕ್ಯಾಂಡೆಲಾ ಸಾಕು. 200 ಮೀಟರ್‌ಗೆ 10,000 ಬೇಕು. ದೂರ ಎರಡರಷ್ಟಾದರೆ ತೀಕ್ಷ್ಣತೆ ನಾಲ್ಕರಷ್ಟಾಗಬೇಕು. ‘2 ಕಿ.ಮೀ.’ ಎಂದು ಬರೆದುಕೊಂಡ ಟಾರ್ಚಿಗೆ 10 ಲಕ್ಷ ಕ್ಯಾಂಡೆಲಾ ಬೇಕಾಗುತ್ತದೆ. ಕಿಸೆಯಲ್ಲಿ ಹಿಡಿಸುವ ಸಾಮಾನ್ಯ ಎಲ್‌ಇಡಿ ಟಾರ್ಚಿನಿಂದ ಅದು ಆಗದ ಮಾತು.

ಬದುವಿನ ಮೇಲೆ ನಡೆಯುವವನಿಗೆ ಬೇಕಾದದ್ದು ನಾಲ್ಕೈದು ಹೆಜ್ಜೆ ಮುಂದಿನ ನೆಲ, ಅಕ್ಕಪಕ್ಕದ ಹುಲ್ಲು. ಅದಕ್ಕೆ ಹರಡಿದ ಬೆಳಕೇ ಸರಿ. ಚೂಪಾದ ಕಿರಣ ನೆಲದ ಮೇಲೆ ಒಂದು ಬಿಳಿ ಚುಕ್ಕೆ ಮೂಡಿಸಿ ಕಣ್ಣು ಕುಕ್ಕುತ್ತದೆ, ಸುತ್ತಲಿನದು ಇನ್ನಷ್ಟು ಕಪ್ಪಾಗುತ್ತದೆ. ಹಂದಿ ಕಾಯುವವನಿಗೆ ದೂರದ ಕಿರಣ ಬೇಕು, ನಿಜ. ಅದು ಬೇರೆ ಟಾರ್ಚಿನ ಕೆಲಸ.

ಬಣ್ಣವನ್ನೂ ಗಮನಿಸಿ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್‌ನ ಲೇಪ. ಅಗ್ಗದ ಎಲ್‌ಇಡಿಯ ನೀಲಿಬಿಳುಪು ಬೆಳಕಿನಲ್ಲಿ ಕೆಂಪು, ಕಂದು ಬಣ್ಣಗಳು ಮಂಕಾಗುತ್ತವೆ. ಒಣ ತೊಗರಿ ಎಲೆಯ ನಡುವೆ ಮಲಗಿದ ಕಂದು ಮಂಡಲದ ಹಾವನ್ನು ಗುರುತಿಸಬೇಕಾದಲ್ಲಿ ಇದು ಸಣ್ಣ ಕೊರತೆಯಲ್ಲ. ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬುದರ ಅಳತೆ ಸಿಆರ್‌ಐ. ಅದು 90 ಎಂದು ನಮೂದಿಸಿದ, ತುಸು ಹಳದಿ ಛಾಯೆಯ ಬೆಳಕು ಸಿಕ್ಕರೆ ಲೇಸು.

ಸೆಲ್‌ನ ಲೆಕ್ಕ

ಕಿಸೆ ಟಾರ್ಚುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 18650 ಲಿಥಿಯಂ ಅಯಾನ್ ಸೆಲ್: 18 ಮಿ.ಮೀ. ಅಡ್ಡಳತೆ, 65 ಮಿ.ಮೀ. ಉದ್ದ, ಕೊನೆಯ ಸೊನ್ನೆ ಕೊಳವೆಯ ಆಕಾರಕ್ಕೆ. ಒಳ್ಳೆಯ ಸೆಲ್‌ಗಳು ಸಾಮಾನ್ಯವಾಗಿ 2,500ರಿಂದ 3,500 ಎಂಎಎಚ್ ಇರುತ್ತವೆ. ಈ ಅಳತೆಯ ಸೆಲ್ ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಸುಳ್ಳು.

2,600 ಎಂಎಎಚ್‌ನ ಸೆಲ್ 3.6 ವೋಲ್ಟಿಗೆ ಸುಮಾರು 9.4 ವ್ಯಾಟ್-ಅವರ್ ಶಕ್ತಿ ಹಿಡಿದಿಡುತ್ತದೆ. ಒಂದು ವ್ಯಾಟಿಗೆ 100 ಲ್ಯೂಮೆನ್ ಸಿಗುತ್ತದೆಂದು ಹಿಡಿಯೋಣ. 100 ಲ್ಯೂಮೆನ್‌ನಲ್ಲಿ ಉರಿಸಿದರೆ ಒಂಬತ್ತು ತಾಸಿನ ಬೆಳಕು, ಇಡೀ ರಾತ್ರಿಯ ಕೆಲಸ. 1,000 ಲ್ಯೂಮೆನ್‌ನಲ್ಲಿ ಉರಿಸಿದರೆ ಒಂದು ತಾಸೂ ಇಲ್ಲ. ಅಷ್ಟರೊಳಗೇ ಸಣ್ಣ ಟಾರ್ಚಿನ ಮೈ ಕಾದು, ಬೆಳಕು ತಾನಾಗಿ ಇಳಿಯುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ದೊಡ್ಡ ಅಂಕಿಗಿಂತ, 100 ಲ್ಯೂಮೆನ್ ಆಸುಪಾಸಿನ ನಡು ಹಂತ ಇದೆಯೇ, ಅದು ಎಷ್ಟು ತಾಸು ಬರುತ್ತದೆ ಎಂಬುದನ್ನು ಕೇಳಿ.

ಗೋಡೆಯ ಸಾಕೆಟ್‌ಗೆ ನೇರವಾಗಿ ಸಿಕ್ಕಿಸುವ ಎರಡು ಪಿನ್ನಿನ ಅನೇಕ ಅಗ್ಗದ ಟಾರ್ಚುಗಳಲ್ಲಿರುವುದು 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಅಂಥ ಟಾರ್ಚನ್ನು ಸಾಕೆಟ್‌ನಲ್ಲಿರುವಾಗ ಬಳಸಬೇಡಿ. ಒಳಗಿನ ಸರ್ಕಿಟ್ ಹಲವು ಸಲ ಮನೆಯ ಕರೆಂಟಿಗೆ ನೇರವಾಗಿ ಸೇರಿರುತ್ತದೆ.

ಬಿಸಿಲು, ಮಳೆ, ಚಾರ್ಜರ್

ಕಲಬುರಗಿ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ಹೊಸದಲ್ಲ. ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ, ಟ್ರ್ಯಾಕ್ಟರಿನ ಪೆಟ್ಟಿಗೆ ಟಾರ್ಚ್ ಇಡುವ ಜಾಗವಲ್ಲ. ಬಹುಕಾಲ ಬಳಸದಿದ್ದರೆ ಅರ್ಧ ಚಾರ್ಜ್ ಉಳಿಸಿ ನೆರಳಿನಲ್ಲಿಡಿ.

ಐಪಿಎಕ್ಸ್4 ಎಂದಿದ್ದರೆ ಮಳೆಯ ಎರಚಲು ತಡೆಯುತ್ತದೆ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ತಾಳುತ್ತದೆ. ಮುಂದೆ ಹಿಂದೆ ಎಳೆಯುವ ಜೂಮ್ ತಲೆಯ ಸಂದಿಯಲ್ಲಿ ನೀರು, ದೂಳು ಬೇಗ ಸೇರುತ್ತವೆ. ಟೈಪ್-ಸಿ ಕಿಂಡಿ ಇದ್ದರೆ ಫೋನಿನ ಚಾರ್ಜರೇ ಸಾಕು. ಆದರೆ ಕೆಲವು ಅಗ್ಗದ ಮಾದರಿಗಳು ಎರಡೂ ತುದಿಗೆ ಟೈಪ್-ಸಿ ಇರುವ ಕೇಬಲ್‌ನಿಂದ ಚಾರ್ಜ್ ಆಗುವುದಿಲ್ಲ. ನಿಮ್ಮ ಚಾರ್ಜರ್ ಒಯ್ದು ಅಂಗಡಿಯಲ್ಲೇ ಸಿಕ್ಕಿಸಿ ನೋಡಿ.

ಆಯ್ಕೆಯ ಕ್ರಮ

ಮೊದಲು ಸೆಲ್ ನೋಡಿ: ಬಿಚ್ಚಿ ಬದಲಿಸಲು ಬರಬೇಕು, ಅದರ ಮೇಲೆ ಐಎಸ್ 16046ರ ಬಿಐಎಸ್ ಗುರುತು ಇರಬೇಕು. ಆಮೇಲೆ ಹರಡಿದ ಬೆಳಕು, ನಡು ಹಂತ. ಆಮೇಲೆ ಕ್ಲಿಪ್: ಮೋಟಾರಿನ ಸ್ಟಾರ್ಟರ್ ಡಬ್ಬಿ ತೆರೆಯುವಾಗ ಎರಡೂ ಕೈ ಬೇಕು, ಟಾರ್ಚನ್ನು ಟೊಪ್ಪಿಗೆಗೋ ಅಂಗಿಗೋ ಸಿಕ್ಕಿಸಲು ಬಂದರೆ ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ತಪ್ಪುತ್ತದೆ. ಸ್ವಿಚ್ ಒಂದೇ ಒತ್ತಿಗೆ ನೀವು ಬಳಸುವ ಹಂತಕ್ಕೇ ಹೊತ್ತಬೇಕು; ಮಿಣಮಿಣ ಮಿನುಗುವ ಹಂತ ದಾಟಿ ಬರುವಂತಿರಬಾರದು. ದುಡ್ಡು ಸಾಲದಿದ್ದರೆ ಜೂಮ್ ಬಿಡಿ, ಮಿನುಗು ಬಿಡಿ, ಕಿಲೋಮೀಟರ್ ಬಿಡಿ. ಸೆಲ್‌ನ ಗುಣಮಟ್ಟದಲ್ಲಿ ಮಾತ್ರ ಚೌಕಾಸಿ ಬೇಡ.