ಮಳೆ ಲೆಕ್ಕದ ಪುಸ್ತಕದಿಂದ ಸರ್ವರ್ ಭದ್ರತೆಗೆ

ಉದಾಹರಣೆಗಳೊಂದಿಗೆ ವಿವರಿಸುವ ಕೌಶಲದ ಸೂಕ್ಷ್ಮ ಬೋಧನೆಗೆ ನಾನು ಆರಿಸಿದ ವಿಷಯ ಜಾವಾದ ಜೆಎಂಎಕ್ಸ್. ಚಾಲನೆಯಲ್ಲಿರುವ ಸರ್ವರ್‌ನ ಮೆಮೊರಿ, ಥ್ರೆಡ್‌ಗಳ ಸ್ಥಿತಿಯನ್ನು ಇದು ದೂರದಿಂದಲೇ ತೋರಿಸುತ್ತದೆ.

ದೂರದ ಸಂಪರ್ಕಕ್ಕೆ ಪೋರ್ಟ್ ತೆರೆದರೆ ಪಾಸ್‌ವರ್ಡ್, ಎಸ್‌ಎಸ್‌ಎಲ್ ಎರಡೂ ತಾವಾಗಿಯೇ ಜಾರಿಯಲ್ಲಿರುತ್ತವೆ. ಪಾಠ ಬೇಗ ಮುಗಿಯಲೆಂದು ನಾನು ಎರಡನ್ನೂ ‘ಫಾಲ್ಸ್’ ಮಾಡಿ ತೋರಿಸಿದೆ. “ಹಾಗಾದರೆ ಯಾರು ಬೇಕಾದರೂ ಒಳಗೆ ಬರಬಹುದಲ್ಲ?” ಎಂದು ಸಹಪಾಠಿಯೊಬ್ಬರು ಕೇಳಿದರು.

ಪುನರ್ಬೋಧನೆಯಲ್ಲಿ ಬಾಳೂರಿನ ಕಾಫಿ ತೋಟದ ಮಳೆ ಲೆಕ್ಕದ ಪುಸ್ತಕವನ್ನು ಉದಾಹರಿಸಿದೆ: ಓದುವವರು ಹಲವರಿರಲಿ, ಬರೆಯುವವರು ಒಬ್ಬರೇ ಇರಬೇಕು. ಹಾಗೆಯೇ ಆಕ್ಸೆಸ್ ಕಡತದಲ್ಲಿ ನೋಡುವವರಿಗೆ ‘ರೀಡ್‌ಓನ್ಲಿ’, ಸೆಟ್ಟಿಂಗ್ ಬದಲಿಸಬೇಕಾದ ನಿರ್ವಾಹಕರಿಗೆ ಮಾತ್ರ ‘ರೀಡ್‌ರೈಟ್’. ಪಾಸ್‌ವರ್ಡ್ ಕಡತವನ್ನು ಸರ್ವರ್ ನಡೆಸುವ ಖಾತೆಯಷ್ಟೇ ಓದುವಂತಿರಬೇಕು. ಇಲ್ಲವಾದರೆ ಜಾವಾ ಆರಂಭವೇ ಆಗದು.

ನಾವು ಬೀಗ ತೆಗೆದು ಕಲಿಸಿದರೆ, ಕಲಿತವರೂ ಬೀಗವಿಲ್ಲದೆಯೇ ಬಳಸುತ್ತಾರೆ.